ಮೈನ್ ಇರುವ ನೀರಿಗೆ ಹೋಗದ ಹಡಗು

2012ರ ಶುರುವಿನಲ್ಲಿ ಅಮೆರಿಕ ನೌಕಾಪಡೆಯ ‘ಪೊನ್ಸೆ’ ಹಡಗಿನ ಕಥೆ ಮುಗಿದಂತೆಯೇ ಇತ್ತು. 1971ರಲ್ಲಿ ಸೇವೆಗೆ ಸೇರಿದ್ದ ಹಡಗು ಅದು. ಸೈನಿಕರನ್ನೂ ಅವರ ದೋಣಿ, ಗಾಡಿಗಳನ್ನೂ ಹೊತ್ತೊಯ್ದು ದಡದ ಹತ್ತಿರ ಇಳಿಸುವುದು ಅದರ ಕೆಲಸ. ನಲವತ್ತು ವರ್ಷ ದುಡಿದಿತ್ತು, ನಿವೃತ್ತಿಯೂ ಗೊತ್ತಾಗಿತ್ತು. ಅಷ್ಟರಲ್ಲಿ ಹಾರ್ಮುಜ್ ಜಲಸಂಧಿಯನ್ನು ಮುಚ್ಚಿಬಿಡುತ್ತೇವೆ ಎಂದು ಇರಾನ್ ಗುಡುಗಿತು. ಗುಜರಿಗೆ ಹೋಗಬೇಕಿದ್ದ ಹಡಗನ್ನು ಅಮೆರಿಕದವರು ವಾಪಸ್ ಎಳೆದು ತಂದರು. ಕೆಲವೇ ತಿಂಗಳಲ್ಲಿ ರಿಪೇರಿ ಮಾಡಿ, ಹೊಸ ಕೆಲಸಕ್ಕೆ ಸಜ್ಜು ಮಾಡಿ, ಜುಲೈ ಹೊತ್ತಿಗೆ ಬಹ್ರೇನ್‌ಗೆ ಕಳಿಸಿದರು. ಹಡಗು ಒಡೆಯಲೆಂದು ಸಮುದ್ರದಲ್ಲಿ ಇಟ್ಟ ಸಿಡಿಗುಂಡುಗಳನ್ನು, ಅಂದರೆ ಮೈನ್‌ಗಳನ್ನು ತೆಗೆಯುವ ಹೆಲಿಕಾಪ್ಟರ್‌ಗಳಿಗೆ, ಸಣ್ಣ ದೋಣಿಗಳಿಗೆ, ಡೈವರ್‌ಗಳಿಗೆ ನೆಲೆಯಾಗಿ ನಿಲ್ಲುವುದು ಅದರ ಹೊಸ ಕೆಲಸ.

ಸಮುದ್ರವೇ ಇಲ್ಲದ ಕೋಲಾರದಲ್ಲಿ ಕೂತು ಇದನ್ನು ಯಾಕೆ ಓದಬೇಕು? ನಮ್ಮ ದೇಶ ಹೊರಗಿನಿಂದ ತರಿಸುವ ಎಲ್‌ಪಿಜಿಯಲ್ಲಿ ಬಹುಪಾಲು ಬರುವುದು ಕೊಲ್ಲಿ ದೇಶಗಳಿಂದ, ಅದೇ ಹಾರ್ಮುಜ್ ದಾಟಿ. ಮುಳಬಾಗಿಲಿನ ಹೋಟೆಲಿನಲ್ಲಿ ದೋಸೆ ಹೆಂಚು ಕಾಯಬೇಕಾದರೂ, ಕೋಲಾರದ ಟೊಮೆಟೊ ಮಂಡಿಯಿಂದ ಲಾರಿ ಹೊರಡಬೇಕಾದರೂ ಆ ನೀರಿನ ದಾರಿ ತೆರೆದಿರಬೇಕು. ತೀರಾ ಇಕ್ಕಟ್ಟಾದ ಜಾಗದಲ್ಲಿ ಅದರ ಅಗಲ ಕೋಲಾರದಿಂದ ಮುಳಬಾಗಿಲಿಗೆ ಹೋಗಿ ಬರುವ ದೂರಕ್ಕಿಂತ ಕಡಿಮೆ. ಅಷ್ಟು ಜಾಗದಲ್ಲಿ ಒಂದಷ್ಟು ಮೈನ್ ಬಿಟ್ಟರೆ ಸಾಕು. ಬಿಟ್ಟಿದ್ದೇವೆ ಎಂದು ಸುಮ್ನೆ ಹೇಳಿದರೂ ಸಾಕು, ಟ್ಯಾಂಕರ್ ಹಡಗುಗಳು ನಿಂತುಬಿಡುತ್ತವೆ.

ಇನ್ನೊಂದು ಕಾರಣ ನಮ್ಮ ಕಡೆಯ ಹುಡುಗರು. ಅಗ್ನಿವೀರ್ ಪರೀಕ್ಷೆಗೆ ಓದುತ್ತಿರುವವರಲ್ಲಿ ನೌಕಾಪಡೆಗೇ ಹೋಗಬೇಕು ಎನ್ನುವವರು ಇದ್ದಾರೆ. ಬಂಗಾರಪೇಟೆ ಕಡೆಯ ಅಂಥ ಒಬ್ಬ ಹುಡುಗ ಪೊನ್ಸೆ ಕಥೆ ಕೇಳಿ ಹೀಗೆ ಅಂದ: “ಅಣ್ಣ, ಮೈನ್ ತೆಗೆಯೋಕೆ ಹೋದ ಹಡಗು ಅಂತೀರ. ಆಮೇಲೆ ಮೈನ್ ಇರೋ ಕಡೆ ಅದು ಹೋಗೋದೇ ಇಲ್ಲ ಅಂತೀರ. ಹಂಗಾದ್ರೆ ಅದ್ಯಾಕೆ ಬೇಕು?”

ನ್ಯಾಯವಾದ ಪ್ರಶ್ನೆ. ಉತ್ತರ ಬೇಕಾದರೆ ಮೊದಲು ಮೈನ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಹಳೆಯ ಕಾಲದ ಮೈನ್ ಅಂದರೆ ಒಂದು ದೊಡ್ಡ ಕಬ್ಬಿಣದ ಗುಂಡು. ಒಳಗೆ ಸಿಡಿಮದ್ದು, ಜೊತೆಗೆ ತೇಲುವಷ್ಟು ಗಾಳಿ. ತಳದಲ್ಲಿ ಒಂದು ಭಾರ, ಭಾರಕ್ಕೆ ಕಟ್ಟಿದ ಸರಪಳಿ, ಸರಪಳಿಯ ತುದಿಯಲ್ಲಿ ಈ ಗುಂಡು. ನೀರಿನ ಮೇಲ್ಮೈಗಿಂತ ಸ್ವಲ್ಪ ಕೆಳಗೆ, ಹಡಗಿನ ಹೊಟ್ಟೆಗೆ ತಾಗುವ ಎತ್ತರದಲ್ಲಿ ನಿಂತಿರುತ್ತದೆ. ಮೈಮೇಲೆ ಕೊಂಬುಗಳು. ಪ್ರತಿ ಕೊಂಬು ಮೆತ್ತನೆಯ ಸೀಸದ್ದು, ಅದರೊಳಗೆ ಆಸಿಡ್ ತುಂಬಿದ ಗಾಜಿನ ಕೊಳವೆ. ಹಡಗು ತಾಗಿದರೆ ಸೀಸ ಬಾಗುತ್ತದೆ, ಗಾಜು ಒಡೆಯುತ್ತದೆ, ಆಸಿಡ್ ಕೆಳಗಿಳಿದು ಅಲ್ಲಿರುವ ಲೋಹದ ತುಂಡುಗಳ ಜೊತೆ ಸೇರಿ ಬ್ಯಾಟರಿಯಾಗುತ್ತದೆ. ಆ ಕರೆಂಟು ಸಾಕು, ಮದ್ದು ಸಿಡಿಯುತ್ತದೆ. ಈ ಉಪಾಯದಲ್ಲಿ ಒಂದು ಕೆಟ್ಟ ಜಾಣತನ ಇದೆ. ಬ್ಯಾಟರಿ ಹುಟ್ಟುವುದೇ ಕೊಂಬು ಬಾಗಿದಾಗ. ಆದ್ದರಿಂದ ವರ್ಷಗಟ್ಟಲೆ ನೀರಿನಲ್ಲಿ ಬಿದ್ದಿದ್ದರೂ ಚಾರ್ಜ್ ಖಾಲಿಯಾಗುವ ಮಾತೇ ಇಲ್ಲ.

ಇದೆಲ್ಲ ಹಳೇ ಕಾಲದ್ದು, ಈಗ ಯಾರು ಬಳಸುತ್ತಾರೆ ಅನ್ನಿಸಬಹುದು. 1988ರ ಏಪ್ರಿಲ್‌ನಲ್ಲಿ ಕೊಲ್ಲಿಯಲ್ಲಿ ಅಮೆರಿಕದ ‘ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್’ ಯುದ್ಧನೌಕೆ ಇರಾನ್ ಇಟ್ಟ ಮೈನ್‌ಗೆ ಸಿಕ್ಕಿ ಬೆನ್ನೆಲುಬು ಮುರಿದುಕೊಂಡಿತು. ಆ ಮೈನ್‌ನ ವಿನ್ಯಾಸ ರಷ್ಯಾದವರು 1908ರಲ್ಲಿ ಮಾಡಿದ್ದು! ಸುಮಾರು 1,500 ಡಾಲರ್‌ನ ಮೈನ್, ಹಡಗಿನ ರಿಪೇರಿಗೆ ಸುಮಾರು 9 ಕೋಟಿ ಡಾಲರ್ ಎಂದು ಆಮೇಲೆ ಲೆಕ್ಕ ಹೇಳಿದರು. ಬಡ ದೇಶವೂ ದೊಡ್ಡ ನೌಕಾಪಡೆಯನ್ನು ತಡೆದು ನಿಲ್ಲಿಸಬಹುದಾದ ಆಯುಧ ಇದು. ಅದಕ್ಕೇ ಇದು ಎಂದೂ ಹಳತಾಗುವುದಿಲ್ಲ.

ಹೊಸ ಬಗೆಯವು ಇನ್ನೂ ಕಷ್ಟ. ಅವು ತೇಲುವುದಿಲ್ಲ, ತಳದಲ್ಲಿ ಕೆಸರಿನಲ್ಲಿ ಕೂತಿರುತ್ತವೆ. ಹಡಗು ತಾಗಬೇಕಿಲ್ಲ. ಮೇಲೆ ಹಾದುಹೋದರೆ ಅದರ ಕಬ್ಬಿಣದಿಂದ ಸುತ್ತಲಿನ ಕಾಂತಕ್ಷೇತ್ರ ಬದಲಾಗುತ್ತದೆ, ಎಂಜಿನ್ ಸದ್ದು ನೀರಿನಲ್ಲಿ ಕೇಳುತ್ತದೆ, ಹಡಗಿನ ಕೆಳಗೆ ನೀರಿನ ಒತ್ತಡ ಸ್ವಲ್ಪ ಇಳಿಯುತ್ತದೆ. ಮೈನ್ ಇವುಗಳಲ್ಲಿ ಒಂದನ್ನೋ, ಎರಡು ಮೂರನ್ನು ಒಟ್ಟಿಗೋ ಗಮನಿಸುತ್ತಿರುತ್ತದೆ. ಕೆಲವಕ್ಕೆ ಎಣಿಕೆಯೂ ಬರುತ್ತದೆ. ಮೊದಲ ಕೆಲವು ಹಡಗುಗಳನ್ನು ಸುಮ್ಮನೆ ಬಿಟ್ಟು, ಆಮೇಲೆ ಬಂದದ್ದರ ಕೆಳಗೆ ಸಿಡಿ ಎಂದು ಇಡಬಹುದು. ಹಾಗಾಗಿ ‘ಬೆಳಗ್ಗೆ ಒಂದು ಹಡಗು ಹೋಯಿತಲ್ಲ, ಏನೂ ಆಗಲಿಲ್ಲ’ ಎನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಇಂಥ ಕಾಂತ ಮೈನ್‌ನ ಒಳಗುಟ್ಟು ಬ್ರಿಟಿಷರಿಗೆ ಸಿಕ್ಕಿದ್ದು 1939ರ ನವೆಂಬರ್‌ನಲ್ಲಿ. ಜರ್ಮನ್ ವಿಮಾನವೊಂದು ಪ್ಯಾರಾಚೂಟ್ ಕಟ್ಟಿ ಬಿಟ್ಟ ಮೈನ್, ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಶೂಬರಿನೆಸ್ ಎಂಬಲ್ಲಿ ಕೆಸರಿಗೆ ಬಿತ್ತು. ನೀರು ಇಳಿದಾಗ ಅದು ಬಯಲಿಗೆ ಬಂತು. ಜಾನ್ ಔವ್ರಿ ಎಂಬ ಅಧಿಕಾರಿ ತನ್ನ ಜೊತೆಗಾರರೊಂದಿಗೆ ಅದನ್ನು ಬಿಚ್ಚಿದ. ಕಬ್ಬಿಣದ ಸ್ಪ್ಯಾನರ್ ಹತ್ತಿರ ತಂದರೆ ಎಲ್ಲಿ ಎಚ್ಚರವಾಗುತ್ತದೋ ಎಂದು ಹಿತ್ತಾಳೆಯ ಸಾಮಾನು ಮಾಡಿಸಿಕೊಂಡು ಬಂದಿದ್ದರು. ಇವತ್ತಿಗೂ ಮೈನ್ ಹತ್ತಿರ ಹೋಗುವ ಡೈವರ್‌ನ ಚಾಕು, ಬಕಲ್, ಸಿಲಿಂಡರ್ ಎಲ್ಲವೂ ಕಾಂತಕ್ಕೆ ಸಿಗದ ಲೋಹದ್ದೇ.

ಈಗ ತೆಗೆಯುವ ವಿಷಯಕ್ಕೆ ಬರೋಣ. ಮೈನ್ ತೆಗೆಯಲು ಎರಡು ದಾರಿ, ಎರಡೂ ನಮಗೆ ಗೊತ್ತಿರುವಂಥವೇ. ಸೇದುವ ಬಾವಿಗೆ ಬಿಂದಿಗೆ ಬಿದ್ದರೆ ಮೊದಲು ಪಾತಾಳಗರಡಿ ತರುತ್ತಿದ್ದರಲ್ವಾ? ಕೊಕ್ಕೆಗಳ ಆ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟು, ಕುರುಡಾಗಿ ಅತ್ತಿತ್ತ ಎಳೆದಾಡುವುದು. ಸಿಕ್ಕಿಕೊಂಡರೆ ಬಂತು. ಬಿಂದಿಗೆ ಹೂಳಿನಲ್ಲಿ ಮಗುಚಿಕೊಂಡಿದ್ದರೆ ಎಷ್ಟು ಎಳೆದಾಡಿದರೂ ಬರುವುದಿಲ್ಲ. ಆಗ ಉಸಿರು ಕಟ್ಟಿ ಇಳಿಯುವ ಒಬ್ಬನನ್ನು ಕರೆಯಬೇಕು.

ಮೈನ್‌ಸ್ವೀಪರ್ ಹಡಗು ಮಾಡುವುದು ಪಾತಾಳಗರಡಿಯ ಕೆಲಸವನ್ನೇ. ಹಿಂದೆ ಉದ್ದನೆಯ ತಂತಿ ಎಳೆಯುತ್ತಾ ಹೋಗುತ್ತದೆ. ತಂತಿಯ ಮೇಲೆ ಕತ್ತರಿಸುವ ಹಲ್ಲುಗಳು. ಮೈನ್‌ನ ಸರಪಳಿ ತುಂಡಾದರೆ ಗುಂಡು ಮೇಲಕ್ಕೆ ತೇಲುತ್ತದೆ, ದೂರದಿಂದ ಹೊಡೆದು ಸಿಡಿಸುತ್ತಾರೆ. ತಳದ ಮೈನ್‌ಗಳಿಗೆ ಕರೆಂಟು ಹರಿಸಿದ ಕೇಬಲ್ ಎಳೆದು, ಸದ್ದು ಮಾಡುವ ಯಂತ್ರ ಎಳೆದು, ‘ಹಡಗು ಬಂತು’ ಎಂದು ಮೋಸ ಮಾಡುತ್ತಾರೆ. ಎಣಿಕೆ ಇಟ್ಟುಕೊಂಡ ಮೈನ್ ಆ ಮೋಸಕ್ಕೂ ಬೀಳುವುದಿಲ್ಲ. ಎಷ್ಟು ಸಲ ಎಳೆದರೆ ಸಾಕು ಎನ್ನುವುದಕ್ಕೆ ಖಾತ್ರಿ ಇಲ್ಲ.

ಎರಡನೆಯದು ಒಂದೊಂದನ್ನೇ ಹುಡುಕುವುದು. ಸೋನಾರ್ ಎಂದರೆ ನೀರಿನೊಳಗೆ ಸದ್ದು ಬಿಟ್ಟು, ಮರುದನಿ ಕೇಳಿ ಚಿತ್ರ ಕಟ್ಟುವ ಯಂತ್ರ. ತಳದ ಚಿತ್ರದಲ್ಲಿ ಅನುಮಾನ ಬಂದ ಪ್ರತಿಯೊಂದನ್ನೂ ಗುರುತು ಹಾಕಿಕೊಳ್ಳುತ್ತಾರೆ. ಬಂದರಿನ ತಳದಲ್ಲಿ ಏನಿರುವುದಿಲ್ಲ ಹೇಳಿ! ಡ್ರಮ್ಮು, ಲಂಗರು, ಟೈರು, ಹಳೇ ಫ್ರಿಜ್ಜು. ಚಿತ್ರದಲ್ಲಿ ಎಲ್ಲವೂ ಮೈನ್ ತರಹವೇ ಕಾಣುತ್ತವೆ. ಯಾವುದು ಕಸ, ಯಾವುದು ಸಾವು ಎಂದು ಹೇಳಲು ಯಾರಾದರೂ ಹತ್ತಿರ ಹೋಗಿ ನೋಡಬೇಕು. ಈಗ ಕ್ಯಾಮೆರಾ ಕಟ್ಟಿದ ಸಣ್ಣ ಯಂತ್ರಗಳನ್ನು ಕಳಿಸುತ್ತಾರೆ. ಅದಾಗದ ಕಡೆ ಡೈವರ್ ಇಳಿಯುತ್ತಾನೆ.

ಆ ಡೈವರ್‌ನ ಕೆಲಸ ಸಿನಿಮಾದಲ್ಲಿ ಕಾಣುವಂತೆ ಇರುವುದಿಲ್ಲ. ಬಂದರಿನ ನೀರು ರಾಡಿ. ಎಷ್ಟೋ ಕಡೆ ಚಾಚಿದ ಕೈ ತನಗೇ ಕಾಣುವುದಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಸೋನಾರ್‌ನ ಸದ್ದು ಕೇಳಿಕೊಂಡು ದಿಕ್ಕು ಹಿಡಿಯುತ್ತಾನೆ. ಹತ್ತಿರ ಬಂದ ಮೇಲೆ ಬೆರಳಿನಿಂದ ತಡವಿ ನೋಡಬೇಕು. ದುಂಡಗಿದೆಯೇ, ಬೋಲ್ಟ್ ಇದೆಯೇ, ಎತ್ತುವ ಬಳೆ ಇದೆಯೇ? ಇಟಲಿಯಲ್ಲಿ ಮಾಡಿದ ‘ಮಂಟಾ’ ಎಂಬ ಮೈನ್ ಒಂದು ಮೀಟರ್‌ಗಿಂತ ಚೂರು ಕಡಿಮೆ ಅಗಲ, ಮೊಣಕಾಲು ಮಟ್ಟದ ಎತ್ತರ, ಮೇಲ್ತುದಿ ಕತ್ತರಿಸಿದ ಶಂಕುವಿನ ಆಕಾರ. ಕೆಸರು ಮುಚ್ಚಿದ ಮೇಲೆ ಅದು ಬಂಡೆಯೋ ಮೈನೋ ಹೇಳುವುದು ಕಷ್ಟ. ಬೆರಳಿಗೆ ಸಿಕ್ಕ ಆಕಾರವನ್ನು ತಲೆಯಲ್ಲಿರುವ ನೂರಾರು ಮೈನ್‌ಗಳ ಪಟ್ಟಿಯ ಜೊತೆ ಹೋಲಿಸಿ, ಇದು ಇಂಥದ್ದು ಎಂದು ಹೇಳಬೇಕು.

ಉಸಿರಾಟಕ್ಕೂ ಕಟ್ಟುಪಾಡು ಇದೆ. ಪ್ರವಾಸಿಗಳು ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಹಾಕಿಕೊಂಡು ಇಳಿಯುವ ಸಾಮಾನ್ಯ ಸ್ಕೂಬಾದಲ್ಲಿ ಪ್ರತಿ ಉಸಿರೂ ಗುಳುಗುಳು ಎಂದು ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಸದ್ದಿಗೆ ಸಿಡಿಯುವ ಮೈನ್‌ನ ಪಕ್ಕ ಅದು ಆಗದು. ಇವರು ಬಳಸುವುದು ರೀಬ್ರೀದರ್. ಬಿಟ್ಟ ಉಸಿರು ಹೊರಗೆ ಹೋಗದೆ ಒಂದು ಡಬ್ಬಿಯ ಮೂಲಕ ಹಾಯುತ್ತದೆ. ಡಬ್ಬಿಯಲ್ಲಿ ಸೋಡಾ ಸುಣ್ಣದ ಹರಳು. ಅದು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಕಡಿಮೆಯಾದಷ್ಟು ಆಕ್ಸಿಜನ್ ಸೇರಿಸಿಕೊಂಡು ಅದೇ ಗಾಳಿ ಮತ್ತೆ ಬಾಯಿಗೆ ಬರುತ್ತದೆ. ಗುಳ್ಳೆ ಇಲ್ಲ, ಸದ್ದು ಇಲ್ಲ. ಆದರೆ ಬರೀ ಆಕ್ಸಿಜನ್ ತುಂಬಿಕೊಂಡು ಹೋಗುತ್ತೇನೆ ಎಂದರೆ ಸುಮಾರು 6 ಮೀಟರ್ ದಾಟುವ ಹೊತ್ತಿಗೆ ಅದೇ ವಿಷ. ಒತ್ತಡದಲ್ಲಿ ಜಾಸ್ತಿ ಆಕ್ಸಿಜನ್ ಮೆದುಳಿಗೆ ಏರಿ ಫಿಟ್ಸ್ ಬರುತ್ತದೆ. ನೀರಿನೊಳಗೆ ಫಿಟ್ಸ್ ಬಂದರೆ ಬದುಕುವುದು ಕಷ್ಟ. ಆದ್ದರಿಂದ ಆಳ ಹೋದಂತೆ ನೈಟ್ರೋಜನ್ ಇಲ್ಲವೇ ಹೀಲಿಯಂ ಬೆರೆಸಿದ ಗಾಳಿ ಬೇಕು. ಯಾವ ಆಳಕ್ಕೆ ಯಾವ ಬೆರಕೆ ಎನ್ನುವುದನ್ನು ಮೇಲೆಯೇ ಲೆಕ್ಕ ಹಾಕಿ, ತುಂಬಿ, ಪರೀಕ್ಷೆ ಮಾಡಿ ಕೊಡಬೇಕು.

ಒತ್ತಡದ ಮಾತು ಬಂದಾಗ ಕೆಜಿಎಫ್ ನೆನಪಾಗುತ್ತದೆ. ಚಾಂಪಿಯನ್ ರೀಫ್ ಗಣಿಯಲ್ಲಿ ನಮ್ಮವರು ನೆಲದಿಂದ ಮೂರು ಕಿಲೋಮೀಟರ್‌ಗಿಂತ ಕೆಳಗೆ ಇಳಿದು ಕೆಲಸ ಮಾಡಿದರು. ಅಲ್ಲಿ ಕಾಡಿದ್ದು ಸೆಕೆ, ದೂಳು, ಬಂಡೆ ಸಿಡಿತ. ಗಾಳಿಯ ಒತ್ತಡ ಮೇಲಿನದರ ಒಂದೂವರೆ ಪಟ್ಟಿನ ಆಸುಪಾಸು, ಅಷ್ಟೇ. ನೀರು ಹಾಗಲ್ಲ, ಗಾಳಿಗಿಂತ ಎಷ್ಟೋ ಭಾರ. ಬರೀ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, 30 ಮೀಟರ್‌ಗೆ ನಾಲ್ಕು ಪಟ್ಟು. ಮೂರು ಕಿಲೋಮೀಟರ್ ಗಣಿಗೆ ಇಳಿದು ಬಂದವರು ಲಿಫ್ಟಿನಲ್ಲಿ ನೇರ ಮೇಲಕ್ಕೆ ಬರಬಹುದಿತ್ತು. 30 ಮೀಟರ್ ನೀರಿನಲ್ಲಿ ಹೆಚ್ಚು ಹೊತ್ತು ಇದ್ದವನು ಹಾಗೆ ಬರುವಂತಿಲ್ಲ.

ಯಾಕೆಂದರೆ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ರಕ್ತದಲ್ಲೂ ಮಾಂಸದಲ್ಲೂ ಕರಗಿ ಕೂತಿರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ದಡಬಡ ಬಂದರೆ ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲಿನಲ್ಲಿ ಆದರೆ ತಡೆಯಲಾಗದ ನೋವು, ಬೆನ್ನುಹುರಿಯಲ್ಲಿ ಆದರೆ ಲಕ್ವ. ಡೈವರ್‌ಗಳು ಇದನ್ನು ‘ಬೆಂಡ್ಸ್’ ಅನ್ನುತ್ತಾರೆ. ಚಿಕಿತ್ಸೆಗೆ ರೋಗಿಯನ್ನು ಒಂದು ಉಕ್ಕಿನ ಕೋಣೆಯೊಳಗೆ ಮಲಗಿಸಿ, ಬಾಗಿಲು ಹಾಕಿ, ಮತ್ತೆ ಒತ್ತಡ ಏರಿಸಿ, ಆಕ್ಸಿಜನ್ ಕೊಟ್ಟು, ನಿಧಾನವಾಗಿ ಇಳಿಸಬೇಕು. ಅಮೆರಿಕ ನೌಕಾಪಡೆಯ ಹೆಚ್ಚು ಬಳಕೆಯ ಚಿಕಿತ್ಸಾ ಪಟ್ಟಿಯ ಪ್ರಕಾರ 18 ಮೀಟರ್ ಆಳದ ಒತ್ತಡಕ್ಕೆ ಏರಿಸಿ, ಒಟ್ಟು 4 ಗಂಟೆ 45 ನಿಮಿಷ. ಅಷ್ಟು ಹೊತ್ತು ಒಳಗೆ ರೋಗಿಯ ಜೊತೆ ಒಬ್ಬ ಸಹಾಯಕ, ಹೊರಗೆ ಮೀಟರ್ ನೋಡುತ್ತಾ ಕೂತವರು.

ಈ ಕೋಣೆ ದಡದ ಆಸ್ಪತ್ರೆಯಲ್ಲಿದ್ದರೆ ಸಾಲದೇ? ಸಾಲದು. ಮೊದಲನೆಯದಾಗಿ, ತಡವಾದಷ್ಟೂ ಗುಳ್ಳೆ ಮಾಡುವ ಹಾನಿ ಜಾಸ್ತಿ. ಎರಡನೆಯದು ಯಾರಿಗೂ ತಕ್ಷಣ ಹೊಳೆಯುವುದಿಲ್ಲ. ಹೆಲಿಕಾಪ್ಟರ್‌ನಲ್ಲಿ ಎತ್ತರಕ್ಕೆ ಹಾರಿದರೆ ಗಾಳಿಯ ಒತ್ತಡ ಇನ್ನೂ ಇಳಿದು ಗುಳ್ಳೆಗಳು ಇನ್ನೂ ಉಬ್ಬುತ್ತವೆ. ಉಳಿಸಲು ಹೋಗಿ ಕೆಡಿಸಿದಂತೆ. ಆರೋಗ್ಯವಾಗಿರುವ ಡೈವರ್‌ಗೂ ನೀರಿನಿಂದ ಬಂದ ಮೇಲೆ ಇಂತಿಷ್ಟು ಗಂಟೆ ವಿಮಾನ ಹತ್ತಬೇಡ, ಬೆಟ್ಟ ಹತ್ತಬೇಡ ಎಂಬ ನಿಯಮ ಇದೆ. ಚೆನ್ನೈ ಕಡಲಿನಲ್ಲಿ ಬೆಳಗ್ಗೆ ಆಳಕ್ಕಿಳಿದು, ಸಂಜೆಗೆ ನಂದಿಬೆಟ್ಟ ನೋಡೋಣ ಎಂದು ಕಾರು ಹತ್ತುವುದು ಅವರಿಗೆ ಅಪಾಯದ ಕೆಲಸ. ಆದ್ದರಿಂದ ಕೋಣೆಯೇ ಡೈವರ್ ಇರುವ ಕಡೆಗೆ ಹೋಗಬೇಕು. ಟನ್‌ಗಟ್ಟಲೆ ತೂಗುವ ಆ ಕೋಣೆ ರಬ್ಬರ್ ದೋಣಿಯಲ್ಲಿ ಹೋಗುವುದಿಲ್ಲ.

ಹಡಗು ಬೇಕಾಗುವುದು ಇಲ್ಲಿ.

ಮೈನ್ ಇರುವ ನೀರಿಗೆ ಹೋಗುವುದು ರಬ್ಬರ್ ದೋಣಿ. ಅದರಲ್ಲಿ ಕಬ್ಬಿಣ ಕಡಿಮೆ, ನೀರಿನೊಳಗೆ ಇಳಿಯುವ ಭಾಗವೂ ಕಡಿಮೆ. ಗುರುತು ಹಾಕಿದ ಜಾಗಕ್ಕೆ ಬಂದು ತೇಲುಗುರುತು ಬಿಡುತ್ತಾರೆ. ಡೈವರ್ ಇಳಿಯುತ್ತಾನೆ, ನೋಡಿ ಬಂದು ಹೇಳುತ್ತಾನೆ. ಮೈನ್ ಹೌದಾದರೆ ಸಿಡಿಮದ್ದಿನ ಪೊಟ್ಟಣ ಒಯ್ದು ಅದರ ಪಕ್ಕ ಇಡಬೇಕು, ತಾಗಿಸದೆ, ಅಲ್ಲಾಡಿಸದೆ. ಸಿಡಿಯುವ ಸಮಯ ಇಟ್ಟು ಮೇಲೆ ಬಂದು, ಎಲ್ಲರೂ ಹತ್ತಿದರೇ ಎಂದು ಎಣಿಸಿ, ದೂರ ಹೋಗುತ್ತಾರೆ. ನೀರಿನಲ್ಲಿ ಒಬ್ಬನೂ ಉಳಿದಿರಬಾರದು. ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ. ಸಿಡಿತದ ಏಟು ನೀರಿನಲ್ಲಿರುವವನ ಶ್ವಾಸಕೋಶಕ್ಕೆ, ಕಿವಿಗೆ, ಕರುಳಿಗೆ, ಹೀಗೆ ಗಾಳಿ ಇರುವ ಜಾಗಕ್ಕೆಲ್ಲ ನೇರವಾಗಿ ಬೀಳುತ್ತದೆ.

ಸಿಡಿಮದ್ದನ್ನು ಇಲ್ಲವಾಗಿಸುವುದು ಅದನ್ನು ಬಳಸುವುದಕ್ಕಿಂತ ಅಪಾಯ ಎನ್ನುವುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ಇನ್ನೂ ಮರೆತಿಲ್ಲ. ನೆಲದ ಮೇಲೆ, ಕಣ್ಣಿಗೆ ಕಾಣುವ ಜಿಲೆಟಿನ್ ಅದು. ಮೈನ್ ಹತ್ತಿರ ಹೋಗುವ ಡೈವರ್‌ಗೆ ಕಣ್ಣೂ ಇಲ್ಲ, ಓಡುವುದಕ್ಕೆ ನೆಲವೂ ಇಲ್ಲ.

ಇಷ್ಟೆಲ್ಲ ನಡೆಯುವಾಗ ದೊಡ್ಡ ಹಡಗು ದೂರದಲ್ಲಿ, ಮೊದಲೇ ಮೈನ್ ತೆಗೆದ ನೀರಿನಲ್ಲಿ ನಿಂತಿರುತ್ತದೆ. ಹತ್ತಾರು ಸಾವಿರ ಟನ್ ಉಕ್ಕನ್ನು ಕಾಂತ ಮೈನ್ ಮೇಲೆ ತಂದು ನಿಲ್ಲಿಸಿದರೆ ಏನಾಗುತ್ತದೆ ಎಂದು ಈಗ ಹುಡುಗನಿಗೂ ಅರ್ಥವಾಗಿರಬೇಕು. ಅಲ್ಲಿ ನಿಂತು ಅದು ಮಾಡುವ ಕೆಲಸ ನೋಡಲು ಬೇಸರದ್ದು. ಗಾಳಿ ಬೆರೆಸುವುದು, ಸಿಲಿಂಡರ್ ತುಂಬುವುದು. ಕಂಪ್ರೆಸರ್‌ನ ಗಾಳಿ ಎಳೆಯುವ ಬಾಯಿ ಎಂಜಿನ್ ಹೊಗೆಯಿಂದ ದೂರ ಇರಬೇಕು. ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರ್‌ಗೆ ಸೇರಿ, ಮೈನ್ ಬಿಟ್ಟದ್ದನ್ನು ಹೊಗೆ ಮುಗಿಸುತ್ತದೆ. ರೀಬ್ರೀದರ್ ಬಿಚ್ಚಿ ತೊಳೆದು ಸುಣ್ಣ ಬದಲಿಸಬೇಕು. ದೋಣಿಯ ಎಂಜಿನ್ ರಿಪೇರಿ ಆಗಬೇಕು. ಸಿಡಿಮದ್ದಿಗೆ ಪ್ರತ್ಯೇಕ ಉಗ್ರಾಣ ಬೇಕು. ಸೋನಾರ್ ಚಿತ್ರ ನೋಡಿ ನಾಳೆ ಎಲ್ಲಿ ಇಳಿಯಬೇಕು ಎಂದು ಗೆರೆ ಹಾಕಲು ಕೋಣೆ ಬೇಕು. ಡಾಕ್ಟರ್ ಬೇಕು. ಬಿಸಿ ಊಟ, ಬಿಸಿ ನೀರು, ನಿದ್ದೆ ಬೇಕು. ನಿದ್ದೆಗೆಟ್ಟ ಡೈವರ್‌ನನ್ನು ಇಳಿಸುವಂತಿಲ್ಲ.

ಈ ಪಟ್ಟಿಯಲ್ಲಿ ವೇಗ ಇಲ್ಲ, ತೋಪು ಇಲ್ಲ. ಬೇಕಾದದ್ದು ಜಾಗ, ಕರೆಂಟು, ಕ್ರೇನು, ಮಲಗಲು ಮಂಚ. ಯುದ್ಧಕ್ಕೆ ಹಳತಾದ ದೊಡ್ಡ ಹಡಗಿನಲ್ಲಿ ಇವೆಲ್ಲ ಆಗಲೇ ಇರುತ್ತವೆ. ಪೊನ್ಸೆಯಂಥದ್ದರಲ್ಲಿ ಇನ್ನೊಂದು ಅನುಕೂಲ. ಅದರ ಹಿಂಭಾಗದೊಳಗೆ ನೀರು ಬಿಟ್ಟುಕೊಂಡು, ದೋಣಿಗಳನ್ನು ನೇರ ಹಡಗಿನ ಹೊಟ್ಟೆಗೇ ತೇಲಿಸಿ ತರಬಹುದು. ಮೇಲೆ ಹೆಲಿಕಾಪ್ಟರ್ ಇಳಿಯಲು ಅಂಗಳ. ಸೈನಿಕರು ಮಲಗುತ್ತಿದ್ದ ಜಾಗಕ್ಕೆ ಡೈವರ್‌ಗಳು ಬಂದರು. ಹಡಗು ನಡೆಸುವವರಲ್ಲಿ ಬಹುಪಾಲು ಸಮವಸ್ತ್ರ ಇಲ್ಲದ ನಾಗರಿಕ ನಾವಿಕರು, ಕ್ಯಾಪ್ಟನ್ ಮತ್ತು ಒಂದಷ್ಟು ಜನ ನೌಕಾಪಡೆಯವರು. 2012ರ ಸೆಪ್ಟೆಂಬರ್‌ನಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳು ಸೇರಿ ಮೈನ್ ತೆಗೆಯುವ ದೊಡ್ಡ ಕವಾಯತು ನಡೆಸಿದಾಗ ಪೊನ್ಸೆ ಅಲ್ಲಿತ್ತು. ತಾತ್ಕಾಲಿಕವಾಗಿ ಎಂದು ಉಳಿಸಿಕೊಂಡ ಹಡಗು 2017ರ ಅಕ್ಟೋಬರ್‌ವರೆಗೆ ಎಳೆಯಿತು.

ಇದು ಹೊಸ ಯೋಚನೆಯೇನೂ ಅಲ್ಲ. ಬ್ರಿಟಿಷರು 1960ರ ದಶಕದಲ್ಲೇ ‘ಲೇಲ್‌ಸ್ಟನ್’ ಎಂಬ ಮೈನ್‌ಸ್ವೀಪರ್ ಅನ್ನು ಡೈವರ್‌ಗಳ ತರಬೇತಿ ಹಡಗಾಗಿ ಬದಲಿಸಿದ್ದರು. ಅಮೆರಿಕದವರಿಗೆ ಬುದ್ಧಿ ಬಂದದ್ದು ಏಟು ತಿಂದ ಮೇಲೆ. 1991ರ ಫೆಬ್ರವರಿ 18ರಂದು, ಇರಾಕ್ ಇಟ್ಟ ಮೈನ್‌ಗಳನ್ನು ಕುವೈತ್ ಹತ್ತಿರ ತೆಗೆಯಲು ಹೆಲಿಕಾಪ್ಟರ್ ಹೊತ್ತು ಹೋಗಿದ್ದ ‘ಟ್ರಿಪೊಲಿ’ ಹಡಗು ತಾನೇ ಮೈನ್‌ಗೆ ತಾಗಿ ಹೊಟ್ಟೆ ಹರಿದುಕೊಂಡಿತು. ಅದು ಕೊಂಬಿನ ಹಳೇ ಬಗೆಯದು. ಕೆಲವೇ ಗಂಟೆಯಲ್ಲಿ, ಅಷ್ಟೇನೂ ದೂರವಲ್ಲದ ಕಡೆ ‘ಪ್ರಿನ್ಸ್‌ಟನ್’ ಎಂಬ ಇನ್ನೊಂದು ನೌಕೆಯ ಕೆಳಗೆ ಮಂಟಾ ಸಿಡಿಯಿತು. ಮೈನ್ ತೆಗೆಯುವವರ ಮುಖ್ಯ ಹಡಗೇ ಮೈನ್ ಇರುವ ನೀರಿನಲ್ಲಿ ಗೊತ್ತಿಲ್ಲದೆ ನಿಂತಿತ್ತು! ದೂರ ನಿಲ್ಲುವುದು ಹೇಡಿತನ ಅಲ್ಲ ಎಂದು ತೋರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆಮೇಲೆ 1995–96ರಲ್ಲಿ ಅದೇ ಟ್ರಿಪೊಲಿಯ ವರ್ಗದ ‘ಇಂಚಾನ್’ ಅನ್ನು ಪೂರ್ತಿ ಮೈನ್ ತೆಗೆಯುವವರ ನೆಲೆಯಾಗಿ ಬದಲಿಸಿದರು. 2001ರಲ್ಲಿ ಬಾಯ್ಲರ್ ಕೋಣೆಗೆ ಬೆಂಕಿ ಬಿದ್ದು, ಮರುವರ್ಷ ಅದು ನಿವೃತ್ತವಾಯಿತು. ಹಳೇ ಹಡಗಿನ ಹಣೆಬರಹ ಅದು. ಜಾಗ ಸಿಗುತ್ತದೆ, ಜೊತೆಗೆ ಮೂವತ್ತು ವರ್ಷದ ಪೈಪು, ಬಾಯ್ಲರ್‌ಗಳೂ ಬರುತ್ತವೆ.

ಎಲ್ಲರೂ ಹೀಗೇ ಮಾಡುತ್ತಾರೆ ಎಂದಲ್ಲ. ಫ್ರಾನ್ಸ್ 1980ರ ದಶಕದಲ್ಲಿ ಮೈನ್ ತೆಗೆಯುವ ಡೈವರ್‌ಗಳಿಗೆಂದೇ ವುಲ್ಕೆನ್ ವರ್ಗದ ನಾಲ್ಕು ಸಣ್ಣ ಹಡಗು ಕಟ್ಟಿಸಿತು. ಎರಡನೇ ಮಹಾಯುದ್ಧದ ಬಾಂಬು, ಮೈನ್ ಇವತ್ತಿಗೂ ಮೀನುಗಾರರ ಬಲೆಗೆ ಸಿಗುವ ಕರಾವಳಿ ಅವರದು. ಕೆಲಸ ಮನೆಬಾಗಿಲಲ್ಲೇ ಇರುವವರಿಗೆ ಸಣ್ಣ ಹಡಗು ಸಾಕು, ಅದು ಸರಿಯಾದ ಲೆಕ್ಕ. ಸಾವಿರಾರು ಕಿಲೋಮೀಟರ್ ದೂರ ಹೋಗಿ ತಿಂಗಳುಗಟ್ಟಲೆ ನಿಲ್ಲಬೇಕಾದವರಿಗೆ ದೊಡ್ಡದು ಬೇಕು.

ನ್ಯೂಜಿಲೆಂಡ್ ಮೂರನೇ ದಾರಿ ಹಿಡಿಯಿತು. ತೈಲ ಬಾವಿಗಳ ಕೆಲಸಕ್ಕೆಂದು ನಾರ್ವೆಯಲ್ಲಿ ಕಟ್ಟಿದ್ದ ‘ಎಡ್ಡಾ ಫಾನ್’ ಎಂಬ ಹಡಗನ್ನು 2018ರಲ್ಲಿ ಕೊಂಡು, ಬದಲಿಸಿ, 2019ರಲ್ಲಿ ‘ಮನವಾನುಯಿ’ ಎಂದು ಹೆಸರಿಟ್ಟು ಡೈವರ್‌ಗಳ ಹಡಗು ಮಾಡಿಕೊಂಡಿತು. ಒತ್ತಡದ ಕೋಣೆ, ದೊಡ್ಡ ಕ್ರೇನ್, ಜೊತೆಗೆ ಲಂಗರು ಹಾಕದೆಯೇ ಒಂದೇ ಜಾಗದಲ್ಲಿ ನಿಲ್ಲುವ ವ್ಯವಸ್ಥೆ. ಉಪಗ್ರಹ ನೋಡಿಕೊಂಡು ಕಂಪ್ಯೂಟರ್ ನಾಲ್ಕಾರು ಪ್ರೊಪೆಲ್ಲರ್‌ಗಳನ್ನು ತಿರುಗಿಸಿ ಹಡಗನ್ನು ಅಲ್ಲಾಡದಂತೆ ಹಿಡಿಯುತ್ತದೆ. ಡೈವರ್ ಕೆಳಗಿರುವಾಗ ಹಡಗು ಸರಿದುಹೋದರೆ ಅವನ ಪ್ರಾಣವೇ ಹೋಗಬಹುದು, ಅದಕ್ಕೇ ಇದು. ಇಂಥ ಹಡಗು 2024ರ ಅಕ್ಟೋಬರ್‌ನಲ್ಲಿ ಸಮೋವಾ ದ್ವೀಪದ ಹತ್ತಿರ ಸಮುದ್ರದ ತಳ ಅಳೆಯುತ್ತಿದ್ದಾಗ ಹವಳದ ದಿಬ್ಬಕ್ಕೆ ಹತ್ತಿ, ಮಗುಚಿ ಮುಳುಗಿತು. ಆಟೋಪೈಲಟ್ ಚಾಲೂ ಇದ್ದದ್ದು ಗೊತ್ತಾಗದೆ, ಹಡಗು ಮಾತು ಕೇಳುತ್ತಿಲ್ಲ, ಪ್ರೊಪೆಲ್ಲರ್ ಕೆಟ್ಟಿದೆ ಎಂದುಕೊಂಡರು ಎಂದು ವಿಚಾರಣೆ ಹೇಳಿತು. ಹಡಗಿನಲ್ಲಿದ್ದ 75 ಜನರೂ ಬದುಕಿದರು. ಎಷ್ಟು ಯಂತ್ರ ಕೂರಿಸಿದರೂ ಅದನ್ನು ನಡೆಸುವ ತರಬೇತಿ ಅದರ ಜೊತೆಗೆ ಮಾರಾಟಕ್ಕೆ ಬರುವುದಿಲ್ಲ.

ಡೈವರ್ ನೀರಿನಲ್ಲಿದ್ದಾಗ ಹಡಗಿನಲ್ಲಿ ಏನೇನು ನಿಲ್ಲಬೇಕು ಎನ್ನುವುದೂ ಒಂದು ಶಿಸ್ತು. ಹತ್ತಿರದ ಪ್ರೊಪೆಲ್ಲರ್ ನಿಲ್ಲಬೇಕು. ಸೋನಾರ್ ನಿಲ್ಲಬೇಕು, ಅದರ ಸದ್ದಿನಿಂದ ಕಿವಿಗೆ ಪೆಟ್ಟು. ಸಮುದ್ರದ ನೀರು ಒಳಗೆಳೆಯುವ ದೊಡ್ಡ ಪಂಪ್‌ಗಳ ಬಾಯಿ ಮುಚ್ಚಬೇಕು. ಮೇಲೆ ಬಿಳಿ ಮತ್ತು ನೀಲಿಯ, ತುದಿ ಸೀಳಿದ ಬಾವುಟ ಏರುತ್ತದೆ. ‘ನನ್ನ ಡೈವರ್ ಕೆಳಗಿದ್ದಾನೆ, ದೂರದಲ್ಲಿ ನಿಧಾನ ಹೋಗಿ’ ಎಂದು ಲೋಕದ ಎಲ್ಲ ಹಡಗುಗಳಿಗೂ ಅರ್ಥವಾಗುವ ಬಾವುಟ ಅದು.

ನಮ್ಮ ದೇಶದ ವಿಷಯ? ನಮ್ಮಲ್ಲೂ ಇಂಥ ಒಂದು ಹಡಗು ಇತ್ತು. 1971ರಲ್ಲಿ ನೌಕಾಪಡೆಗೆ ಸೇರಿದ ಮೊದಲ ‘ಐಎನ್ಎಸ್ ನಿಸ್ತಾರ್’ ಸೋವಿಯತ್ ಒಕ್ಕೂಟದಿಂದ ಬಂದದ್ದು. ಅಲ್ಲಿನ ಮೈನ್‌ಸ್ವೀಪರ್ ಮಾದರಿಯನ್ನೇ ಬದಲಿಸಿ, ಮುಳುಗಿದ ಸಬ್‌ಮರೀನ್‌ನಿಂದ ಜನರನ್ನು ಪಾರುಮಾಡುವ ಹಡಗಾಗಿ ರೂಪಿಸಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ‘ಘಾಜಿ’ ಸಬ್‌ಮರೀನ್ ಮುಳುಗಿದಾಗ, ಅದರ ಅವಶೇಷದ ಮೇಲೆ ಡೈವರ್‌ಗಳು ಇಳಿದದ್ದು ನಿಸ್ತಾರ್‌ನಿಂದ. 1989ರಲ್ಲಿ ಅದು ನಿವೃತ್ತವಾಯಿತು. ಅದೇ ಹೆಸರಿನ ಹೊಸ ಹಡಗು, ಸುಮಾರು 10,000 ಟನ್ನಿನದು, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ತಯಾರಾಗಿ 2025ರ ಜುಲೈ 18ರಂದು ಸೇವೆಗೆ ಸೇರಿದೆ. ಡೈವರ್‌ಗಳನ್ನು 300 ಮೀಟರ್ ಆಳದವರೆಗೆ ಇಳಿಸುವ ವ್ಯವಸ್ಥೆ ಅದರಲ್ಲಿದೆ. ಈಗಿನ ಮುಖ್ಯ ಕೆಲಸ ಸಬ್‌ಮರೀನ್ ರಕ್ಷಣೆ.

ಆದರೆ ಮೈನ್‌ಸ್ವೀಪರ್ ವಿಷಯದಲ್ಲಿ ನಮ್ಮ ಉಗ್ರಾಣ ಖಾಲಿ. ನಮ್ಮ ರಾಜ್ಯದ ಊರಿನ ಹೆಸರಿದ್ದ ‘ಐಎನ್ಎಸ್ ಕಾರವಾರ’ ಒಂದಲ್ಲ, ಎರಡಿದ್ದವು. 1950ರ ದಶಕದಲ್ಲಿ ಬ್ರಿಟನ್ನಿನಿಂದ ಬಂದದ್ದು ಒಂದು, 1986ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದದ್ದು ಇನ್ನೊಂದು. ಎರಡನೆಯದು 2017ರ ಮೇನಲ್ಲಿ ನಿವೃತ್ತಿಯಾಯಿತು. 2019ರ ಏಪ್ರಿಲ್‌ನಲ್ಲಿ ‘ಐಎನ್ಎಸ್ ಕೋಳಿಕ್ಕೋಡ್’ ಕೂಡ ಹೋದ ಮೇಲೆ ನೌಕಾಪಡೆಯಲ್ಲಿ ಮೈನ್‌ಸ್ವೀಪರ್ ಹಡಗೇ ಉಳಿಯಲಿಲ್ಲ. ಬದಲಿ ಹಡಗು ಕೊಳ್ಳುವ ಮಾತು ವರ್ಷಗಟ್ಟಲೆ ನಡೆದು ಮುರಿದುಬಿತ್ತು. 2025ರ ಜುಲೈನಲ್ಲಿ ಹೊಸ ಮೈನ್ ನಿವಾರಕ ಹಡಗುಗಳಿಗೆ ರಕ್ಷಣಾ ಖರೀದಿ ಮಂಡಳಿ ಮೊದಲ ಹಂತದ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆಯಿಂದ ಹಡಗು ನೀರಿಗೆ ಇಳಿಯುವವರೆಗೆ ಎಷ್ಟು ಹೊತ್ತಾಗುತ್ತದೆ ಎನ್ನುವುದು ನಮಗೆಲ್ಲ ಗೊತ್ತಿರುವುದೇ. ಇಷ್ಟು ಉದ್ದದ ಕರಾವಳಿ ಇಟ್ಟುಕೊಂಡು ಈ ವಿಷಯದಲ್ಲಿ ನಾವು ತೋರಿಸಿದ ಉದಾಸೀನ ನನಗಂತೂ ಅರ್ಥವಾಗುವುದಿಲ್ಲ.

ಮಧ್ಯೆ ಒಂದು ಅನುಮಾನ ಉಳಿಯುತ್ತದೆ. ಎಲ್ಲವನ್ನೂ ಯಂತ್ರಗಳೇ ಮಾಡುವ ಕಾಲದಲ್ಲಿ ಡೈವರ್ ಇನ್ನೆಷ್ಟು ದಿನ? ಬ್ರಿಟನ್ 2023ರಲ್ಲಿ ತೈಲ ಕೆಲಸದ ‘ಐಲ್ಯಾಂಡ್ ಕ್ರೌನ್’ ಎಂಬ ಹಡಗನ್ನು ಕೊಂಡು ‘ಸ್ಟರ್ಲಿಂಗ್ ಕ್ಯಾಸಲ್’ ಎಂದು ಹೆಸರಿಟ್ಟಿತು. ಅದರಲ್ಲಿ ಹೊತ್ತೊಯ್ಯುವುದು ಜನರಿಲ್ಲದ ದೋಣಿಗಳನ್ನು, ತಾವೇ ಈಜಿ ಹುಡುಕುವ ಯಂತ್ರಗಳನ್ನು. ತೆರೆದ ಸಮುದ್ರದಲ್ಲಿ ಹುಡುಕುವ ಕೆಲಸ ನಿಧಾನವಾಗಿ ಅವುಗಳ ಕೈಗೆ ಹೋಗುತ್ತಿದೆ, ಹೋಗಲಿ, ಒಳ್ಳೆಯದೇ. ಬಂದರಿನ ಕಂಬಗಳ ಸಂದಿ, ನಿಂತ ಹಡಗಿನ ಹೊಟ್ಟೆ, ಕೆಸರಿನಲ್ಲಿ ಅರ್ಧ ಹೂತ ವಸ್ತು, ಬಿಚ್ಚಿ ಒಳಗನ್ನು ನೋಡಬೇಕಾದ ಹೊಸ ಬಗೆಯ ಮೈನ್, ಇವು ಇನ್ನೂ ಬೆರಳಿನ ಕೆಲಸ. ಆ ಯಂತ್ರಗಳಿಗೂ ಚಾರ್ಜ್ ಮಾಡಲು, ರಿಪೇರಿ ಮಾಡಲು, ತಂದ ಚಿತ್ರ ನೋಡಲು ದೂರದಲ್ಲಿ ನಿಂತ ಒಂದು ಹಡಗು ಬೇಕೇ ಬೇಕು. ಪೊನ್ಸೆಯ ಜಾಗಕ್ಕೆ 2017ರಲ್ಲಿ ಬಂದ ‘ಲೂಯಿಸ್ ಬಿ. ಪುಲ್ಲರ್’ ಅನ್ನು ಅಮೆರಿಕದವರು ಹೊಸದಾಗಿಯೇ ಕಟ್ಟಿಸಿದರು. ಆದರೆ ಯುದ್ಧನೌಕೆಯ ನಕ್ಷೆ ತೆಗೆಯಲಿಲ್ಲ. ಕಚ್ಚಾತೈಲ ಸಾಗಿಸುವ ಟ್ಯಾಂಕರ್‌ನ ನಕ್ಷೆಯನ್ನೇ ತೆಗೆದುಕೊಂಡು, ಮೇಲೆ ಅಂಗಳ, ಕೆಳಗೆ ದೋಣಿಗಳಿಗೆ ಜಾಗ ಮಾಡಿದರು.